ಮೇಲ್ಮನೆ ಕೇಳಲು ಇಟ್ಟಿದ್ದ ಹಲ್ಲು

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಒಳಗೆ ಹಲ್ಲು ಇರಲಿಲ್ಲ. ಅದನ್ನು ಸುತ್ತಿಟ್ಟಿದ್ದ ನಾರುಬಟ್ಟೆ ಮಾತ್ರ ಮಡಿಕೆ ಕೆಡದೆ ಅಲ್ಲೇ ಇತ್ತು. ನಸೋಕಿ ಊರಿನ ಆ ದೊಡ್ಡ ಮನೆಯಲ್ಲಿ ಆಗ ನಾವು ಹತ್ತು ಹನ್ನೆರಡು ಜನ ಇದ್ದೆವು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಮೊದಲು ಬಾಯಿ ತೆರೆದವನು ನಾನು. ಇಷ್ಟು ವರ್ಷಗಳ ಮೇಲೂ ಅದನ್ನು ನೆನೆದರೆ ಮುಖ ಎಲ್ಲಿ ಬಚ್ಚಿಡಲಿ ಅನ್ನಿಸುತ್ತದೆ.

"ಬೆಳಿಗ್ಗೆ ನಮ್ಮ ದೋಣಿಯ ಬಿಸೇಸರ್ ಈ ಮನೆಯಿಂದ ಚೀಲ ಹೊತ್ಕೊಂಡು ಇಳಿದು ಹೋಗ್ತಿದ್ದ. ನಾನೇ ನೋಡಿದೆ" ಎಂದೆ.

ಅದು ಎಪ್ಪತ್ತಾರನೆಯ ಇಸವಿ. ರಾಜಧಾನಿ ಸುವಾದ ಮೇಲ್ಮನೆಯಲ್ಲಿ ನಸೋಕಿಯ ದ್ವೀಪದ ಪರವಾಗಿ ಆರು ವರ್ಷ ಕೂತಿದ್ದ ಊರೊಡೆಯ, ಅಲ್ಲಿನ ಮಾತಿನಲ್ಲಿ ರಾತು, ಮನೋವಾ ಅವರ ಅವಧಿ ಮುಗಿಯುತ್ತ ಬಂದಿತ್ತು. ಆ ಮನೆಗೆ ಓಟು ಹಾಕಿ ಯಾರನ್ನೂ ಕಳಿಸುತ್ತಿರಲಿಲ್ಲ. ಹಿರಿಯರು ಕೂತು ಒಂದು ಹೆಸರು ಒಪ್ಪಿ ಮೇಲಕ್ಕೆ ಕಳಿಸಬೇಕಿತ್ತು. ಸ್ಥಾನ ಬೇಕೆನ್ನುವವನು ಐದೂರಿನ ಹಿರಿಯರ ಮುಂದೆ ತಿಮಿಂಗಿಲದ ಹಲ್ಲು ಹಿಡಿದು ಕೇಳುವುದು ಅಲ್ಲಿನ ರೂಢಿ. ಹಲ್ಲು ಹಿಡಿದು ಕೇಳಿದ್ದಕ್ಕೆ ಇಲ್ಲ ಎನ್ನಲು ಎಂಥ ಗಟ್ಟಿಗನಿಗೂ ನಾಲಿಗೆ ಏಳುವುದಿಲ್ಲ. ರಾತು ಮನೋವಾ ಅವರ ಮನೆಯದಂತೂ ಮೂರು ತಲೆಮಾರಿನಿಂದ ತೆಂಗಿನೆಣ್ಣೆ ಕುಡಿದು ಕೆಂಪಗಾಗಿದ್ದ, ಗೇಣುದ್ದಕ್ಕೆ ಸ್ವಲ್ಪವೇ ಕಮ್ಮಿ ಇದ್ದ ಹಲ್ಲು. ಅದು ಮುಂದೆ ಬಂದರೆ ಇನ್ನಾರು ವರ್ಷ ಸ್ಥಾನ ಅವರದೇ. ಅದಿಲ್ಲದೆ ಬರಿಗೈಯಲ್ಲಿ ಕೇಳುವ ಹಾಗಿಲ್ಲ. ಸಭೆ ಅದೇ ದಿನ ಮಧ್ಯಾಹ್ನಕ್ಕೆ ನಿಗದಿಯಾಗಿತ್ತು.

ನಾವು ಅಲ್ಲಿಗೆ ಹೋಗಿದ್ದು ಮೆರೆಯೋನಿ ಅಕ್ಕನಿಂದಾಗಿ. ಅಕ್ಕ ಸರಕಾರಿ ಔಷಧಿ ದೋಣಿಯಲ್ಲಿ ಹದಿನೆಂಟು ವರ್ಷ ದಾದಿಯಾಗಿದ್ದು ನಿವೃತ್ತಳಾದವಳು. ನಾನು, ಜೋಪೆ, ಅದೇ ದೋಣಿಯಲ್ಲಿ ಔಷಧಿ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದೆ. ಕಬ್ಬಿನ ಕೂಲಿಗೆ ಇಂಡಿಯಾದಿಂದ ಬಂದವರ ಮಗ ಬಿಸೇಸರ್ ಚುಕ್ಕಾಣಿ ಹಿಡಿಯುತ್ತಿದ್ದ. ಕೆಲಸ ಬಿಟ್ಟ ಮೇಲೆ ಅವನು ಸ್ವಂತಕ್ಕೊಂದು ಎಂಜಿನ್ ದೋಣಿ ಮಾಡಿಕೊಂಡ. ನಾವು ಎಲ್ಲಿಗೆ ಹೋದರೂ ಅದರಲ್ಲೇ. ಅಕ್ಕ ಬೇರೊಂದು ಕೆಲಸಕ್ಕೂ ಹೆಸರಾಗಿದ್ದಳು. ಹೊಟ್ಟೆ ಒತ್ತಿ ನೋವು ಹುಡುಕಿದ ಹಾಗೆ ಜನರನ್ನು ಒತ್ತಿ ಒತ್ತಿ ಮಾತಾಡಿಸಿ, ಕಳೆದ ಬಲೆ, ಸಹಿ ಇಲ್ಲದ ಪತ್ರ, ವಿಷವಿಟ್ಟ ಮೀನು, ಇಂಥ ಆರೇಳು ಸಂಗತಿ ಪತ್ತೆ ಮಾಡಿದ್ದಳು. ಆ ಸಲ ಮಾತ್ರ ಬಂದದ್ದು ಸಕ್ಕರೆ ಕಾಯಿಲೆ ನೋಡಲು. "ಐದೂರಿನ ಹಿರಿಯರೂ ಒಂದೇ ಕಡೆ ಸೇರ್ತಾರೆ. ಎಲ್ಲರ ಕಾಲೂ ಒಂದೇ ಸಲ ನೋಡಿ ಮುಗಿಸೋಣ" ಅಂದಿದ್ದಳು.

ಹಿಂದಿನ ದಿನ ದೋಣಿಯಲ್ಲಿ ನಮ್ಮ ಜೊತೆ ನೆತಾನಿ ಎಂಬ ಯುವಕನೂ ಇದ್ದ. ರಾತು ಮನೋವಾ ಅವರ ತಂಗಿಯ ಮಗ. ಸುವಾದ ಮೇಲ್ಮನೆಯಲ್ಲಿ ಸದಸ್ಯರು ಆಡುವ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಕೆಲಸ ಅವನದು. ರಜೆ ಹಾಕಿ ಊರಿಗೆ ಹೊರಟಿದ್ದ.

"ಮಾವನ ಊರಿನ ಹಂದಿಗಳಿಗೆ ಈ ಎಂಜಿನ್ನಿನ ಸದ್ದು ಚೆನ್ನಾಗಿ ಗೊತ್ತು. ನಾನು ಬಂದೆ ಅಂದ್ರೆ ಕಾಡಿಗೆ ಓಡ್ತವೆ" ಎಂದ ನೆತಾನಿ.

"ಹೋದ ಸಲ ಅವರ ಒಳ್ಳೇ ಹುಂಜ ಎತ್ಕೊಂಡು ಹೋದ್ರಂತೆ" ಎಂದು ಬಿಸೇಸರ್ ಕೆಣಕಿದ.

"ಹುಂಜ ಒಂದೇ ಅಲ್ಲ ಭಾಯಿ, ಗೂಡು ಸಮೇತ."

ಎಲ್ಲರೂ ನಕ್ಕೆವು. ಬಿಸೇಸರ್ ಎದ್ದು ಆಚೆ ಹೋದಾಗ ಹಲಗೆಯ ಮೇಲೆ ಅವನ ಪಾದಗಳ ಗುರುತು ಕಪ್ಪಗೆ ಮೂಡಿತು. ಎಂಜಿನ್ ಎಣ್ಣೆ ತುಳಿದು ತುಳಿದು ಅವನ ಅಂಗಾಲು ಯಾವಾಗಲೂ ಹಾಗೆಯೇ. "ನಿನ್ನನ್ನ ಹುಡುಕೋಕೆ ನಾಯಿ ಬೇಡ ಕಣೋ, ನೆಲ ನೋಡಿದ್ರೆ ಸಾಕು" ಎಂದು ಅಕ್ಕ ಬೈದಳು. ಅವಳು ಔಷಧಿ ದೋಣಿಯ ಕಾಲದಿಂದಲೂ ಬೈಯುತ್ತಿದ್ದಳು, ಅವನು ತೊಳೆದುಕೊಂಡಿರಲಿಲ್ಲ. ನಸೋಕಿಯಲ್ಲಿ ಇಳಿದ ಮೇಲೆ ನೆತಾನಿ ಗುಡ್ಡದಾಚೆ ಇರುವ ತನ್ನ ತಂದೆಯ ಊರಿಗೆ ನಡೆದು ಹೋದ. ನಾನು ಅವನನ್ನು ಅಲ್ಲಿಗೇ ಮರೆತೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನು ನಾನು. ಹಲ್ಲು ಹೋಗಿದೆ ಅಂದ ಕೂಡಲೇ ನಾಲ್ಕು ಜನರನ್ನು ಕರೆದುಕೊಂಡು ದಡಕ್ಕೆ ಹೋದೆ. ಬಿಸೇಸರ್ ದೋಣಿಯಲ್ಲಿ ಕೂತು ಹಗ್ಗ ಹೆಣೆಯುತ್ತಿದ್ದ. ಚೀಲದ ಸಮೇತ ಅವನನ್ನು ಊರ ನಡುವಿನ ಹುಲ್ಲು ಬಯಲಿಗೆ ಕರೆತಂದೆವು.

"ಏನಾಯ್ತು ಜೋಪೆ ಭಾಯಿ?" ಎಂದ.

"ಚೀಲ ಬಿಚ್ಚು."

"ಯಾಕೆ ಅಂತ ಹೇಳು."

ಚೀಲ ಕಿತ್ತುಕೊಂಡು ಹುಲ್ಲಿನ ಮೇಲೆ ಬೋರಲು ಹಾಕಿದೆ. ತೇಪೆ ಹಾಕಿದ ಎರಡು ಅಂಗಿ, ರೊಟ್ಟಿಯ ಡಬ್ಬಿ, ಸೊಂಟನೋವಿನ ಮುಲಾಮು, ಕೊನೆಗೆ ಹೆಂಗಸರು ತಲೆಗೆ ಹೊದೆಯುವ ಒಂದು ಹಳೆಯ ಹಳದಿ ಓಢನಿ ಬಿತ್ತು. ಅವನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಗುಂಪಿನಲ್ಲಿ ಯಾರೋ "ಮುದುಕ ಹೆಂಗಸಿನ ಬಟ್ಟೆ ಹೊತ್ಕೊಂಡು ತಿರುಗ್ತಾನೆ" ಎಂದರು. ನಗು ಎದ್ದಿತು. ನಾನೂ ಸ್ವಲ್ಪ ನಕ್ಕೆನೇನೋ. ನಗಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ.

ಬಿಸೇಸರ್ ಬಗ್ಗಿ ಒಂದನ್ನೂ ಎತ್ತಿಕೊಳ್ಳಲಿಲ್ಲ. "ಇನ್ನೇನಾದ್ರೂ ನೋಡ್ಬೇಕಾ ಸಾರ್?" ಎಂದು ಕೇಳಿದ. ಅಷ್ಟು ವರ್ಷಗಳಲ್ಲಿ ನನ್ನನ್ನು ಅವನು ಸಾರ್ ಅಂದದ್ದು ಅದೇ ಮೊದಲು. ಎಲ್ಲವನ್ನೂ ಅಲ್ಲೇ ಬಿಟ್ಟು ದೋಣಿಗೆ ಹೋಗಿ ಬೆನ್ನು ತಿರುಗಿಸಿ ಕೂತ.

ಹಲ್ಲು ಸಿಗಲಿಲ್ಲ. ಆದರೂ ಊರಿನವರ ಅನುಮಾನ ಹೋಗಲಿಲ್ಲ. ಎಲ್ಲೋ ಹೂತಿಟ್ಟಿದ್ದಾನೆ, ಪೊಲೀಸರಿಗೆ ರೇಡಿಯೋದಲ್ಲಿ ಹೇಳಿ ಎಂದರು. ಒಮ್ಮೆ ಆ ಮಾತು ರೇಡಿಯೋ ಹತ್ತಿತೆಂದರೆ ಬಿಸೇಸರನ ಬದುಕು ಮುಗಿದ ಹಾಗೆ. ಹಲ್ಲು ಕದ್ದವನ ದೋಣಿಗೆ ಯಾವ ದ್ವೀಪದವರೂ ಹಗ್ಗ ಕಟ್ಟಲು ಬಿಡುವುದಿಲ್ಲ.

ಅಷ್ಟರಲ್ಲಿ ಅಕ್ಕ ಬಂದಳು. ಯಾರದೋ ಕಾಲಿನ ಹುಣ್ಣು ತೊಳೆದು ಬಂದಿದ್ದಳು, ಕೈ ಇನ್ನೂ ಒದ್ದೆಯಾಗಿತ್ತು. ಹುಲ್ಲಿನ ಮೇಲೆ ಬಿದ್ದಿದ್ದನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಓಢನಿ ಎತ್ತಲು ಬಗ್ಗಿದೆ.

"ಮುಟ್ಬೇಡ. ಅಲ್ಲೇ ಇರಲಿ" ಎಂದಳು. ಗಾಳಿಗೆ ಹಾರದ ಹಾಗೆ ಅದರ ಮೇಲೊಂದು ಕಲ್ಲಿಟ್ಟು, ಹಿರಿಯರ ಕಡೆ ತಿರುಗಿದಳು. "ಸಭೆ ತನಕ ರೇಡಿಯೋ ಮುಟ್ಬೇಡಿ. ನಿಮ್ಮ ಮೊಮ್ಮಕ್ಕಳಲ್ಲಿ ಅರ್ಧ ಜನಕ್ಕೆ ಹೊಕ್ಕಳು ಕೊಯ್ದವಳು ನಾನು. ಅಷ್ಟು ಮಾತು ನಡೆಸಿಕೊಡಿ."

ಅಕ್ಕ ದೊಡ್ಡ ಮನೆಗೆ ಹೋದಳು. ನನ್ನನ್ನು ಕರೆಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹಿಂದೆ ಹಿಂದೆ ಹೋದೆ. ಮನೆಯ ಕೆಳಬಾಗಿಲಿನಿಂದ ನಮ್ಮಂಥವರು ಹೋಗುವುದು. ಮೇಲಿನ ತುದಿಯ ಬಾಗಿಲು ಹಿರಿಯರದು. ಪೆಟ್ಟಿಗೆ ಇದ್ದದ್ದು ಆ ಮೇಲಿನ ತುದಿಯಲ್ಲಿ, ಕೇದಗೆ ಗರಿಯ ಬಿಳಿ ಚಾಪೆಯ ಮೇಲೆ. ಕೆಳಬಾಗಿಲ ಬಳಿ ಕೆಲೆರಾ ಎಂಬ ಮುದುಕಿ ಬೆಳಗಿನಿಂದಲೂ ಚಾಪೆ ಹೆಣೆಯುತ್ತ ಕೂತಿದ್ದಳು. ರಾತು ಅವರ ಮನೆಯಲ್ಲೇ ಹಣ್ಣಾದವಳು.

"ಬೆಳಿಗ್ಗೆ ಯಾರ್ಯಾರು ಬಂದಿದ್ರು ಅಜ್ಜಿ?" ಎಂದು ಅಕ್ಕ ಕೇಳಿದಳು.

"ಪಾದ್ರಿ ಬಂದಿದ್ರು, ಪ್ರಾರ್ಥನೆ ಮಾಡಿ ಹೋದ್ರು. ಆಮೇಲೆ ಆ ದೋಣಿಯವನು. ನನ್ನ ಕಣ್ಣಿನ ಔಷಧಿ ತಂದುಕೊಟ್ಟ. ಇಲ್ಲೇ ಕೂತ್ಕೊಂಡು ಎಳನೀರು ಕುಡಿದ. ಚಾಪೆಯೆಲ್ಲ ಹೊಲಸು ಮಾಡಿದ, ನೋಡು."

ಅವಳ ಪಕ್ಕದಲ್ಲಿ ಕಪ್ಪು ಹೆಜ್ಜೆ ನಾಲ್ಕು ಇದ್ದವು.

"ಬೇರೆ ಯಾರೂ ಬರಲಿಲ್ವಾ?"

"ಹೊರಗಿನೋರು ಯಾರೂ ಇಲ್ಲ" ಎಂದು ಮುದುಕಿ ಗರಿ ಸೀಳಿದಳು. ಕಣ್ಣೆತ್ತಲಿಲ್ಲ.

ಅಕ್ಕ ಮಂಡಿಯೂರಿ ಮೇಲಿನ ತುದಿಯ ತನಕ ಹೋದಳು. ಪೆಟ್ಟಿಗೆ ತೆರೆದಾಗ ಅದರ ಮೇಲಿನಿಂದ ಏನೇನು ತೆಗೆದಿಟ್ಟಿರಿ ಎಂದು ನನ್ನನ್ನು ಕೇಳಿದಳು. ಅವತ್ತು ಅವಳು ನನಗೆ ಆಡಿದ ಎರಡನೆಯ ಮಾತು ಅದು. ಮನೆಯ ದೊಡ್ಡ ಬೈಬಲ್ ಇತ್ತು, ಅದರ ಮೇಲೆ ರಾತು ಅವರ ಕನ್ನಡಕ ಇತ್ತು, ಎರಡೂ ಎಂದಿನಂತೆ ನೇರವಾಗಿದ್ದವು ಎಂದೆ. ಅವಳು ಹೂಂಗುಟ್ಟಿದಳು.

ಊಟಕ್ಕೆ ಬಂದದ್ದು ಕೆಸವಿನ ಗೆಡ್ಡೆ, ತೆಂಗಿನ ಹಾಲಿನ ಮೀನು. ಬಡಿಸುತ್ತಿದ್ದ ಹೆಂಗಸು ಸಂಕೋಚಪಟ್ಟಳು. "ಸಭೆಗೆ ಅಂತ ಒಂದು ಹಂದಿ ಕಟ್ಟಿದ್ವಿ. ಬೆಳಿಗ್ಗೆ ಹೋಯ್ತು" ಎಂದು ಪಕ್ಕದವಳ ಮುಖ ನೋಡಿ ನಕ್ಕಳು.

"ಅದೂ ಕಳುವಾಯ್ತಾ?" ಎಂದೆ ನಾನು.

"ಛೇ, ಅದ್ಯಾಕೆ ಕಳುವಾಗುತ್ತೆ" ಎಂದು ಮತ್ತೆ ನಕ್ಕಳು.

ಅಕ್ಕನ ಕೈತುತ್ತು ಬಾಯಿಯ ಹತ್ತಿರವೇ ನಿಂತಿತು. ತಿನ್ನದೆ ಎದ್ದು ರಾತು ಮನೋವಾ ಅವರ ಕಾಲಿಗೆ ಪಟ್ಟಿ ಕಟ್ಟಲು ಹೋದಳು. ಎಪ್ಪತ್ತು ದಾಟಿದ ಭಾರಿ ದೇಹದ, ಮೆಲುದನಿಯ ಮನುಷ್ಯ ಅವರು. ಬೆಳಿಗ್ಗೆ ಹಲ್ಲು ಇಲ್ಲ ಎಂದಾಗಲೂ, ನಾನು ಚೀಲ ಬೋರಲು ಹಾಕಿದಾಗಲೂ ಅವರು ನೆಲ ನೋಡುತ್ತ ಕೂತಿದ್ದರು.

"ಎಲ್ಲೆಲ್ಲಿ ಹುಡುಕಿಸಲಿ ರಾತು?" ಎಂದು ಅಕ್ಕ ಪಟ್ಟಿ ಸುತ್ತುತ್ತ ಕೇಳಿದಳು.

"ಬಿಡು ತಾಯಿ. ಹೋದದ್ದು ಹೋಯ್ತು."

"ತಾತನ ಹಲ್ಲು."

"ಬಿಡು ಅಂದೆನಲ್ಲ."

ಹೊರಗೆ ಬಂದು ಅಕ್ಕ ಒಬ್ಬನನ್ನು ಗುಡ್ಡದಾಚೆ ಕಳಿಸಿದಳು. ಯಾಕೆ ಎಂದು ನನಗೆ ಹೇಳಲಿಲ್ಲ.

ಮಧ್ಯಾಹ್ನ ಸಭೆ ಕೂಡಿತು. ನಡುವೆ ಬೇರು ಅರೆದು ಮಾಡುವ ಪಾನೀಯ ಯಂಗೋನದ ಮರದ ಬೋಗುಣಿ, ಮೇಲಿನ ತುದಿಯಲ್ಲಿ ರಾತು ಮನೋವಾ, ಅಕ್ಕಪಕ್ಕ ಐದೂರಿನ ಹಿರಿಯರು. ಅಕ್ಕ ತಾನೇ ಹೋಗಿ ಬಿಸೇಸರನನ್ನು ಕರೆತಂದು ಕೆಳಬಾಗಿಲ ಬಳಿ ಕೂರಿಸಿದಳು. ಅವನು ಹೊಸ್ತಿಲು ದಾಟಲು ಒಪ್ಪಲಿಲ್ಲ. ಒಂದು ಕಾಲು ಹೊರಗೇ ಇಟ್ಟುಕೊಂಡು ಕೂತ. ಕೊನೆಗೆ ಗುಡ್ಡದಾಚೆಗೆ ಹೋಗಿದ್ದವನ ಜೊತೆ ನೆತಾನಿ ಬಂದು ಹಿಂದೆ ಕೂತ. ಅವನ ಬಗಲಲ್ಲಿ ಒಂದು ಗಂಟು ಇತ್ತು.

ಒಂದು ಸುತ್ತು ಯಂಗೋನ ಆದ ಮೇಲೆ ಅಕ್ಕ ಮಾತು ತೆಗೆದಳು.

"ಈ ಊರಲ್ಲಿ ಇವತ್ತು ಕಳವು ಆಗಿಲ್ಲ" ಎಂದಳು. "ಮೊದಲು ಬಿಸೇಸರನ ವಿಷಯ. ಅವನ ಕಾಲು ಎಲ್ಲಿಟ್ಟರೂ ಕಪ್ಪು. ಅಜ್ಜಿ ಪಕ್ಕ ನಾಲ್ಕು ಹೆಜ್ಜೆ ಇವೆ. ಅಲ್ಲಿಂದ ಮೇಲಕ್ಕೆ ಒಂದೂ ಇಲ್ಲ, ಮೇಲಿನ ಚಾಪೆ ಹಾಲಿನ ಹಾಗಿದೆ. ಇದನ್ನ ನೋಡೋಕೆ ನಾನೇ ಬರಬೇಕಿತ್ತಾ? ಕಣ್ಣು ನಿಮಗೂ ಇವೆ. ಜೋಪೆಗೂ ಇವೆ."

ನಾನು ತಲೆ ಎತ್ತಲಿಲ್ಲ.

"ಹಾಗಾದ್ರೆ ತೆಗೆದೋರು ಯಾರು? ಬೈಬಲ್ ಎತ್ತಿಟ್ಟು, ಬಟ್ಟೆ ಮಡಿಕೆ ಕೆಡಿಸದೆ ಹಲ್ಲು ತೆಗೆದು, ಮತ್ತೆ ಬೈಬಲ್ ಇಟ್ಟು, ಅದರ ಮೇಲೆ ಕನ್ನಡಕ ನೇರ ಮಾಡಿ ಇಟ್ಟು ಹೋಗಿದಾರೆ. ಕದ್ದು ಓಡೋನಿಗೆ ಅಷ್ಟು ವ್ಯವಧಾನ ಇರಲ್ಲ. ಮನೆಯೋರಿಗೆ ಮಾತ್ರ ಇರುತ್ತೆ. ಕೆಲೆರಾ ಅಜ್ಜಿಯನ್ನ ಕೇಳಿದೆ. ಹೊರಗಿನೋರು ಯಾರೂ ಬರಲಿಲ್ಲ ಅಂದ್ರು. ಅದು ಸುಳ್ಳಲ್ಲ. ಬಂದೋನು ಹೊರಗಿನೋನಲ್ಲ."

ಮುದುಕಿ ಸೆರಗಿಲ್ಲದ ಭುಜಕ್ಕೆ ಕೈ ಒರೆಸಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು.

"ಆಮೇಲೆ ಹಂದಿ. ಸಭೆಗೆ ಕಟ್ಟಿದ್ದ ಹಂದಿ ಹೋದ್ರೆ ಹೆಂಗಸರು ನಗ್ತಾರೆ. ಹಲ್ಲು ಹೋದ್ರೆ ಎಲ್ಲರೂ ಕಳ್ಳ ಕಳ್ಳ ಅಂತ ಕೂಗ್ತಾರೆ. ಹಂದಿ ಹೋದ್ರೆ ಯಾಕೆ ನಗಬೇಕು? ನಮ್ಮಲ್ಲಿ ಒಬ್ಬನೇ ಒಬ್ಬ ಹಾಗೆ ಎತ್ಕೊಂಡು ಹೋಗಬಹುದು. ಸೋದರಳಿಯ. ಮಾವನ ಊರಲ್ಲಿ ಅವನು ಕೇಳೋ ಹಾಗಿಲ್ಲ, ಎತ್ಕೊಳ್ಳೋದೇ. ಮಾವ ಬೇಡ ಅನ್ನೋ ಹಾಗಿಲ್ಲ, ಆಮೇಲೆ ದೂರೋ ಹಾಗೂ ಇಲ್ಲ. ದೂರಿದ್ರೆ ಮಾವನಿಗೇ ಅವಮಾನ. ನೆತಾನಿ, ಬೆಳಿಗ್ಗೆ ಹಂದಿ ಹೊಡ್ಕೊಂಡು ಹೋದೆ, ಅದನ್ನ ನೋಡಿ ಎಲ್ಲರೂ ನಕ್ಕರು. ಹಲ್ಲನ್ನ ಅಂಗಿ ಒಳಗೆ ಇಟ್ಕೊಂಡಿದ್ದೆ, ಅದನ್ನ ಅಜ್ಜಿ ಒಬ್ಬರೇ ನೋಡಿದ್ರು. ಸರಿನಾ?"

ನೆತಾನಿ ಗಂಟು ಬಿಚ್ಚಿ ಹಲ್ಲನ್ನು ಚಾಪೆಯ ಮೇಲಿಟ್ಟ.

"ಮಾವ ಮತ್ತೆ ಕೇಳಬಾರದು ಅಂತ ತೆಗೆದೆ" ಎಂದ. "ಮೇಲ್ಮನೇಲಿ ಯಾರೇ ಮಾತಾಡಿದ್ರೂ ನನ್ನ ಪೆನ್ಸಿಲ್ ದಾಟಿ ಹೋಗಬೇಕು. ಆರು ವರ್ಷದಲ್ಲಿ ಮಾವನ ಹೆಸರು ಒಂದೇ ಸಲ ಬರೆದಿದೀನಿ. ಕಿಟಕಿ ಮುಚ್ಚಿ, ಗಾಳಿ ಬರ್ತಿದೆ, ಅಂದಿದ್ರು. ನಮ್ಮ ದ್ವೀಪಕ್ಕೆ ದೋಣಿ ನಿಲ್ಲೋ ಜೆಟ್ಟಿ ಬೇಕಾ ಅನ್ನೋ ವಿಷಯ ಬಂದ ದಿನ ಮಾವ ಅಲ್ಲೇ ಕೂತಿದ್ರು. ನಾನು ಪೆನ್ಸಿಲ್ ಹಿಡ್ಕೊಂಡು ಅವರ ಬಾಯನ್ನೇ ನೋಡ್ತಿದ್ದೆ. ಏಳಲಿಲ್ಲ. ನನ್ನ ಜೊತೆ ಕೆಲಸ ಮಾಡೋರು ಅವರನ್ನ ಕಿಟಕಿ ರಾತು ಅಂತಾರೆ. ನಾನೂ ನಗಬೇಕು. ಸೋದರಮಾವ ಅಂತ ಅವರಿಗೆ ಹೇಳೇ ಇಲ್ಲ, ನಾಚಿಕೆಯಾಗಿ."

ರಾತು ಮನೋವಾ ಹಲ್ಲಿನಿಂದ ಕಣ್ಣು ತೆಗೆದು ಅಳಿಯನನ್ನು ನೋಡಿದರು.

"ಇಂಗ್ಲಿಷಲ್ಲಿ ಬಾಯಿ ಬಿಟ್ಟರೆ ನಗೆಪಾಟಲಾಗ್ತೀನಿ ಅನ್ನಿಸ್ತಿತ್ತು" ಎಂದರು ಆಮೇಲೆ. "ನಮ್ಮ ಮಾತಲ್ಲಿ ಆಡಬಹುದಿತ್ತು, ಆಡೋರೂ ಇದ್ರು. ಆದ್ರೆ ಅದಕ್ಕೂ ಏಳಲಾಗಲಿಲ್ಲ. ಜೆಟ್ಟಿ ದಿನ ಎದ್ದೆ ಅಂತಲೇ ಅಂದ್ಕೊಂಡಿದ್ದೆ. ನೋಡಿದ್ರೆ ಕೂತೇ ಇದೀನಿ."

"ಅದು ನಿಮ್ಮ ಮನೆ ವಿಷಯ" ಎಂದಳು ಅಕ್ಕ. ಅವಳ ದನಿ ಅಷ್ಟು ಗಡುಸಾದದ್ದನ್ನು ನಾನು ಕೇಳಿರಲಿಲ್ಲ. "ನಾನು ಹೇಳಬೇಕಾದ್ದು ಇನ್ನೂ ಇದೆ. ಹೋದದ್ದು ಹೋಯ್ತು ಅಂದ್ರಿ. ತಾತನ ಹಲ್ಲು ಹೋದ್ರೆ ಯಾರಾದ್ರೂ ಹಾಗಂತಾರಾ? ಅಳಿಯ ತಗೊಂಡ ಅಂತ ನಿಮಗೆ ಪೆಟ್ಟಿಗೆ ತೆರೆದಾಗಲೇ ಗೊತ್ತಾಯ್ತು. ಅಜ್ಜಿಗೆ ಮೊದಲೇ ಗೊತ್ತಿತ್ತು. ಹಂದಿ ಹೋದದ್ದು ನೋಡಿದ ಹಿರಿಯರಿಗೂ ಅರ್ಧ ಗೊತ್ತಿತ್ತು. ಅಳಿಯನ ಹೆಸರು ಎತ್ತಿದ್ರೆ ಮರ್ಯಾದೆ ಹೋಗುತ್ತೆ ಅಂತ ಎಲ್ಲರೂ ಬಾಯಿಗೆ ಬೀಗ ಹಾಕಿದ್ರಿ. ನಿಮ್ಮ ಮರ್ಯಾದೆ ಉಳೀಲಿ ಅಂತ ಒಬ್ಬನ ಹೆಂಡತಿ ಬಟ್ಟೆ ಹುಲ್ಲಿನ ಮೇಲೆ ಬಿತ್ತು. ಅವನಿಗೆ ಇಲ್ಲಿ ಮಾವ ಇಲ್ಲ, ಅಳಿಯ ಇಲ್ಲ. ಅವನ ಹೆಸರು ಎತ್ತೋದು ಸುಲಭ."

ಬೋಗುಣಿಯ ಬಳಿ ಕೂತವನು ಯಂಗೋನ ಕೊಡುವ ತೆಂಗಿನ ಚಿಪ್ಪನ್ನು ಕೆಳಗಿಟ್ಟ. ಹಿರಿಯರಲ್ಲಿ ಒಬ್ಬರೂ ಮುಖ ತೋರಿಸಲಿಲ್ಲ.

ರಾತು ಮನೋವಾ ಹಲ್ಲಿಗೆ ಕೈ ಚಾಚಿದರು. ಮಧ್ಯಾಹ್ನ ಇನ್ನೂ ಮುಗಿದಿರಲಿಲ್ಲ, ಹಿರಿಯರು ಕೂತೇ ಇದ್ದರು. ಹಾಗೇ ಎತ್ತಿ ಹಿಡಿದು ಸ್ಥಾನ ಕೇಳಿದ್ದರೆ ಆಗಲೂ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಪಟ್ಟಿ ಕಟ್ಟಿದ ಕಾಲನ್ನು ಎಳೆದುಕೊಂಡು, ಮೇಲಿನ ಚಾಪೆಯಿಂದ ಕೆಳಬಾಗಿಲ ತನಕ ಮಂಡಿಯ ಮೇಲೆ ಬಂದರು. ಅಲ್ಲಿ ಬಿಸೇಸರನ ಕಪ್ಪು ಹೆಜ್ಜೆಗಳ ಮೇಲೆಯೇ ಕೂತು ತಲೆ ಬಗ್ಗಿಸಿದರು.

"ನನಗೆ ಗೊತ್ತಿತ್ತು" ಎಂದರು. "ಗೊತ್ತಿದ್ದೂ ಸುಮ್ಮನಿದ್ದೆ. ಸುಮ್ಮನಿರೋದು ನನಗೆ ರೂಢಿಯಾಗಿಬಿಟ್ಟಿದೆ. ನಿನ್ನ ಚೀಲ ಬಿಚ್ಚುವಾಗ ಒಂದು ಮಾತು ಸಾಕಿತ್ತು, ಆಡಲಿಲ್ಲ. ತಪ್ಪಾಯ್ತು. ಈ ಊರಿನ ಪರವಾಗಿ, ನನ್ನ ಪರವಾಗಿ, ತಪ್ಪಾಯ್ತು."

ಹಿಂದೆ ಕೂತಿದ್ದ ನೆತಾನಿ ಅಳುತ್ತಿದ್ದ.

ಬಿಸೇಸರ್ ಹಲ್ಲನ್ನು ನೋಡಿದ. "ಇದನ್ನ ಮುಟ್ಟಿದ್ರೆ ನಾನು ಕ್ಷಮಿಸಿದ ಹಾಗೆ ಅಲ್ವಾ ಸಿಸ್ಟರಮ್ಮ?"

"ಹೌದು" ಎಂದಳು ಅಕ್ಕ. "ಇಷ್ಟ ಇಲ್ಲದಿದ್ರೆ ಮುಟ್ಬೇಡ. ಯಾರೂ ಬಲವಂತ ಮಾಡಲ್ಲ. ಮಾಡಿದ್ರೆ ನಾನಿದೀನಿ."

ಅವನು ಸ್ವಲ್ಪ ಹೊತ್ತು ಸಮುದ್ರದ ಕಡೆ ತಿರುಗಿದ್ದ. ಆಮೇಲೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಹೊರಗಿದ್ದ ಕಾಲನ್ನು ಒಳಗೆ ತಂದುಕೊಂಡು, ಹಲ್ಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ವಯಸ್ಸಾದೋರು ಮಂಡಿ ಮೇಲೆ ಬಂದ್ರಿ. ಏಳಿ ರಾತು" ಎಂದ. ಐದೂರಿನವರೂ ಒಪ್ಪಿಗೆಯ ಗುರುತಾಗಿ ಮೂರು ಸಲ ಮೆಲ್ಲನೆ ಚಪ್ಪಾಳೆ ತಟ್ಟಿದರು. ಹಲ್ಲು ಬಿಸೇಸರನದಾದ ಮೇಲೆ ಆ ವರ್ಷ ನಸೋಕಿಯಿಂದ ಮೇಲ್ಮನೆಗೆ ಹೆಸರು ಹೋಗಲಿಲ್ಲ. ಸ್ಥಾನ ಬೇರೆ ದ್ವೀಪಕ್ಕೆ ಹೋಯಿತು.

ನಾನು ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಬಿಸೇಸರ್ ಎದ್ದು ನನ್ನ ಮುಂದೆ ನಿಂತ.

"ರಾತು ಅವರದ್ದು ಆಯ್ತು. ನಿಂದಿನ್ನೂ ಆಗಿಲ್ಲ. ಬಾ, ಚೀಲ ತುಂಬು. ನೀರು ಇಳೀತಾ ಇದೆ, ದೋಣಿ ಹೊರಡಬೇಕು" ಎಂದ.

ಹುಲ್ಲು ಬಯಲಿನಲ್ಲಿ ಅವನ ಬದುಕು ಬೆಳಿಗ್ಗೆ ಬಿದ್ದ ಹಾಗೆಯೇ ಬಿದ್ದಿತ್ತು. ಬೆಳಿಗ್ಗೆ ನಕ್ಕವರೆಲ್ಲ ಬಂದು ನಿಂತರು, ಈಗ ಯಾರೂ ನಗಲಿಲ್ಲ. ನಾನು ಮಂಡಿಯೂರಿ ಅಂಗಿ ಮಡಿಸಿದೆ, ಡಬ್ಬಿ ಒರೆಸಿಟ್ಟೆ, ಮುಲಾಮಿನ ಮುಚ್ಚಳ ಬಿಗಿ ಮಾಡಿದೆ. ಕಲ್ಲು ತೆಗೆದು ಓಢನಿ ಎತ್ತಿಕೊಂಡೆ. ಅದರ ಒಂದು ಅಂಚಿನಲ್ಲಿ ಅರಿಶಿನದ ಕಲೆ ಇತ್ತು. ಸರಿಯಾಗಿ ಮಡಿಕೆ ಬೀಳಲಿಲ್ಲ. ಎರಡು ಸಲ ಬಿಚ್ಚಿ ಮಡಿಸಿ ಚೀಲದಲ್ಲಿಟ್ಟೆ. "ಭಾಯಿ, ತಪ್ಪಾಯ್ತು" ಎಂದೆ. ನನ್ನ ಹತ್ತಿರ ಕೊಡಲು ಹಲ್ಲು ಇರಲಿಲ್ಲ.

ಬಿಸೇಸರ್ ನಾನು ಮಡಿಸಿದ್ದ ಓಢನಿಯನ್ನು ಚೀಲದಿಂದ ತೆಗೆದು, ಬಿಚ್ಚಿ ಕೊಡವಿ, ತನ್ನ ಕೈಯಾರೆ ಮೊದಲಿನಿಂದ ಮಡಿಸಿಕೊಂಡ.